ನಾಣ್ಯದ ಕಂಬಗಳು

ಮೊನ್ನೆ ಭಾನುವಾರ ವಾಕಡದ ನಮ್ಮ ಸೊಸೈಟಿಯಲ್ಲಿ ಹಳೇ ಟಿವಿ, ಕಂಪ್ಯೂಟರ್ ಗುಜರಿಗೆ ಹಾಕುವ ಕೆಲಸ. ನನ್ನ ಮಾನಿಟರ್ ಎತ್ತಿಕೊಂಡ ಪಕ್ಕದ ಮನೆಯ ಐಟಿ ಹುಡುಗ, "ಕಾಕಾ, ಇದರಲ್ಲಿ ನಮ್ಮವರು ಕಂಡುಹಿಡಿದದ್ದು ಒಂದೂ ಇಲ್ಲ" ಅಂದ. ನಾನು ಬಿಕಾಂ ಗಿರಾಕಿ, ಆದರೂ ಸುಮ್ಮನಿರಲಾಗಲಿಲ್ಲ. ಮೈಸೂರಿನಲ್ಲಿ ಓದುವಾಗ ಮಾನಸಗಂಗೋತ್ರಿಯ ಫಿಸಿಕ್ಸ್ ರೂಮ್‌ಮೇಟ್ ಹೇಳಿದ್ದ ಎಸ್. ಚಂದ್ರಶೇಖರ್ ನೆನಪಾದರು. ನೊಬೆಲ್ ಚಂದ್ರಶೇಖರ್ ಅಲ್ಲ, ಇವರು ಬೇರೆ. ಸಿ.ವಿ. ರಾಮನ್ ಅವರಿಗೆ ಚಿಕ್ಕಪ್ಪ, ಇವರಿಗೆ ಸೋದರಮಾವ!

1888ರಲ್ಲಿ ಆಸ್ಟ್ರಿಯಾದ ಸಸ್ಯಶಾಸ್ತ್ರಜ್ಞ ರೈನಿಟ್ಜರ್ ಕೊಲೆಸ್ಟೆರಾಲಿನ ಒಂದು ಸಂಯುಕ್ತ ಕಾಯಿಸಿದ. ಅದು ಎರಡು ಸಲ ಕರಗಿತು. ಸುಮಾರು 145 ಡಿಗ್ರಿಗೆ ಮಸುಕು ದ್ರವ, 178ಕ್ಕೆ ತಿಳಿ ದ್ರವ. ನಡುವಿನದು ನೀರಿನಂತೆ ಹರಿದರೂ ಅಣುಗಳು ಸ್ಫಟಿಕದಂತೆ ಶಿಸ್ತಾಗಿ ಒಂದೇ ದಿಕ್ಕಿಗೆ ನಿಂತಿರುತ್ತವೆ. ಅದೇ ದ್ರವಸ್ಫಟಿಕ, ಎಲ್‌ಸಿಡಿಯ 'ಎಲ್‌ಸಿ' (ನಮ್ಮ ಬ್ಯಾಂಕಿನ ಎಲ್‌ಸಿ ಬೇರೆ, ಬಿಡಿ). ಅಣು ಕಡ್ಡಿಯಂತೆ ಉದ್ದವಿದ್ದರೆ ಮಾತ್ರ ಹೀಗಾಗುತ್ತದೆ ಅಂತ ಸುಮಾರು 90 ವರ್ಷ ನಂಬಿಕೆಯಿತ್ತು.

ಚಂದ್ರಶೇಖರ್ 1961ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಭೌತಶಾಸ್ತ್ರ ವಿಭಾಗದ ಮುಖ್ಯಸ್ಥರಾದರು, 1971ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಗೆ ಬಂದರು. 1977ರಲ್ಲಿ ಸದಾಶಿವ, ಸುರೇಶ್ ಜೊತೆ ಸೇರಿ ತಟ್ಟೆಯಾಕಾರದ ಅಣುಗಳಿಂದಲೂ ದ್ರವಸ್ಫಟಿಕ ಆಗುತ್ತದೆಂದು ತೋರಿಸಿದರು. ಬೆಂಜೀನ್ ಉಂಗುರ, ಸುತ್ತ ಆರು ಬಾಲ. ಈ ತಟ್ಟೆಗಳು ಒಂದರ ಮೇಲೊಂದು ಕೂತು ಕಂಬವಾಗುತ್ತವೆ, ನಾನು ಕ್ಯಾಷ್ ಕೌಂಟರಿನಲ್ಲಿ ರೂಪಾಯಿ ನಾಣ್ಯ ಪೇರಿಸುತ್ತಿದ್ದ ಹಾಗೆ. ಪ್ರಬಂಧ ಅಚ್ಚಾದದ್ದು ವಿದೇಶದಲ್ಲಲ್ಲ, ಬೆಂಗಳೂರಿನದೇ 'ಪ್ರಮಾಣ' ಪತ್ರಿಕೆಯಲ್ಲಿ. ನನಗೆ ಇದು ತುಂಬಾ ಹಿಡಿಸಿತು.

ಮಾನಿಟರಿಗೂ ಇದಕ್ಕೂ ಏನು ಸಂಬಂಧ? ಮೊದಲಿನ ಎಲ್‌ಸಿಡಿ ಪರದೆ ಪಕ್ಕದಿಂದ ನೋಡಿದರೆ ಕಪ್ಪು ಬಿಳಿಚಿಕೊಳ್ಳುತ್ತಿತ್ತು. ಬ್ರಾಂಚಿನಲ್ಲಿ ಬ್ಯಾಲೆನ್ಸ್ ತೋರಿಸಲು ಪರದೆ ವಾಲಿಸಿದರೆ ಗ್ರಾಹಕರು "ಕಾಹೀ ದಿಸತ ನಾಹೀ ಸಾಹೇಬ್" ಅನ್ನುತ್ತಿದ್ದರು. ಕಡ್ಡಿ ಅಣುಗಳು ಓರೆ ಬೆಳಕಿಗೆ ಮಾಡುವ ಏರುಪೇರನ್ನು ತಟ್ಟೆ ಅಣುಗಳು ತದ್ವಿರುದ್ಧ ಮಾಡಿ ಸರಿದೂಗಿಸುತ್ತವೆ. ಡೆಬಿಟ್ಟಿಗೆ ಕ್ರೆಡಿಟ್, ಅಷ್ಟೇ. 1990ರ ದಶಕದಲ್ಲಿ ಜಪಾನಿನ ಫ್ಯೂಜಿ ಕಂಪನಿ ಇಂಥ ತಟ್ಟೆ ಅಣುಗಳ ತೆಳು ಹಾಳೆ ಮಾಡಿ ಪರದೆಗಳಿಗೆ ಮಾರಿತು.

"ಹಾಗಾದ್ರೆ ಫ್ಯಾಕ್ಟರಿ ಇಲ್ಯಾಕಾಗಲಿಲ್ಲ ಕಾಕಾ?" ಅಂದ ಹುಡುಗ. ಚಂದ್ರಶೇಖರ್ ಕೈಕಟ್ಟಿ ಕೂತಿರಲಿಲ್ಲ. ನಿವೃತ್ತಿಯ ನಂತರ 1991ರಲ್ಲಿ, ಬಿಇಎಲ್ ನೆರವಿನಿಂದ ಜಾಲಹಳ್ಳಿಯಲ್ಲಿ ದ್ರವಸ್ಫಟಿಕಕ್ಕೆಂದೇ ಒಂದು ಸಂಶೋಧನಾ ಕೇಂದ್ರ ಕಟ್ಟಿದರು. 2004ರಲ್ಲಿ ತೀರಿಕೊಂಡರು. ದೊಡ್ಡ ಪರದೆ ಕಾರ್ಖಾನೆಗಳು ಮಾತ್ರ ಎದ್ದದ್ದು ಜಪಾನ್, ಕೊರಿಯಾ, ತೈವಾನ್, ಚೀನಾದಲ್ಲಿ. ಅವಕ್ಕೆ ಬೇಕಾದ ಬಂಡವಾಳ, ಅದೂ ವರ್ಷಗಟ್ಟಲೆ ಕಾಯುವ ಬಂಡವಾಳ, ಇಲ್ಲಿ ಯಾರು ಕೊಡುತ್ತಿದ್ದರು? ಸಾಲದ ಅರ್ಜಿ ನೋಡುವ ಕುರ್ಚಿಯಲ್ಲಿ ನಾನೂ ಬಹಳ ವರ್ಷ ಕೂತವನು. ಅಂಥ ಅರ್ಜಿ ಬಂದಿದ್ದರೆ ನಾನೇ ಮೊದಲು ಅಡಮಾನ ಏನಿದೆ ಅಂತ ಕೇಳುತ್ತಿದ್ದೆ. ಇದನ್ನೂ ಹುಡುಗನಿಗೆ ಹೇಳಿದೆ.