ಸ್ತ್ರೀಧನದ ಕಥೆ

ಮದುವೆಯ ಮಾತುಕತೆಗೆ ಕುಳಿತಾಗ ‘ಹುಡುಗಿಗೆ ಏನು ಹಾಕುತ್ತೀರಿ?’ ಎಂಬ ಮಾತು ಸುತ್ತಿ ಬಳಸಿಯಾದರೂ ಬಂದೇ ಬರುತ್ತದೆ. ಸರ, ಬಳೆ, ಓಲೆ, ಡಾಬು ಎಂದು ತೊಲದ ಲೆಕ್ಕದಲ್ಲಿ ಪಟ್ಟಿಯಾಗುತ್ತದೆ. ಮದುವೆಯಾಗಿ ಹತ್ತು ವರ್ಷ ಕಳೆದ ಮೇಲೆ ಆ ಒಡವೆ ಯಾರದು ಎಂದು ಕೇಳಿ ನೋಡಿರಿ. ‘ಮನೆಯದು’ ಎಂಬ ಉತ್ತರ ಬರುತ್ತದೆ. ಕೆಲಸಕ್ಕೆ ಹೋಗುವ ಹೆಂಗಸಿನ ಸಂಬಳ ಯಾರದು ಎಂದು ಕೇಳಿದರೂ ಅನೇಕ ಮನೆಗಳಲ್ಲಿ ಉತ್ತರ ಅದೇ. ‘ಮನೆಯದು’ ಎಂಬುದು ಒಳ್ಳೆಯ ಮಾತೇ. ಆದರೆ ಮನೆಯಲ್ಲಿ ಜಗಳ ಬಂದಾಗ, ಸಾವು ಬಂದಾಗ, ಸಾಲಗಾರ ಬಾಗಿಲಿಗೆ ಬಂದಾಗ ಮಾತ್ರ ‘ಮನೆ’ ಎಂದರೆ ಯಾರು ಎಂಬುದು ತಿಳಿಯುವುದು. ನಮ್ಮ ಹಿಂದಿನವರು ಈ ಪ್ರಶ್ನೆಯನ್ನು ಕೇಳದೆ ಬಿಟ್ಟವರಲ್ಲ. ಎರಡು ಸಾವಿರ ವರ್ಷಗಳಿಂದ ಅದನ್ನು ಚರ್ಚಿಸಿದ್ದಾರೆ, ಮತ್ತು ಆ ಚರ್ಚೆಯಲ್ಲಿ ಅತ್ಯಂತ ಧೈರ್ಯದ ಮಾತನ್ನಾಡಿದವನು ನಮ್ಮ ನಾಡಿನಲ್ಲಿ ಕುಳಿತು ಬರೆದವನು.

ಮನುಸ್ಮೃತಿ ಸ್ತ್ರೀಧನದಲ್ಲಿ ಆರು ಬಗೆಯನ್ನು ಹೇಳುತ್ತದೆ: ಮದುವೆಯ ಅಗ್ನಿಯ ಮುಂದೆ ಕೊಟ್ಟದ್ದು, ಗಂಡನ ಮನೆಗೆ ಹೊರಡುವಾಗ ಕೊಟ್ಟದ್ದು, ಪ್ರೀತಿಯಿಂದ ಕೊಟ್ಟದ್ದು, ತಂದೆ ಕೊಟ್ಟದ್ದು, ತಾಯಿ ಕೊಟ್ಟದ್ದು, ಸೋದರ ಕೊಟ್ಟದ್ದು. ಗಮನಿಸಿರಿ, ಆರೂ ಕೊಟ್ಟದ್ದೇ ಹೊರತು ಗಳಿಸಿದ್ದು ಒಂದೂ ಇಲ್ಲ. ಕಾತ್ಯಾಯನನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಹೆಂಗಸು ಶಿಲ್ಪದಿಂದ, ಎಂದರೆ ನೂಲುವುದೇ ಮೊದಲಾದ ಕೈಕಸುಬಿನಿಂದ, ಸಂಪಾದಿಸಿದ್ದರ ಮೇಲೆ ಗಂಡನಿಗೆ ಸ್ವಾಮ್ಯ ಎಂದನು. ಕೊಟ್ಟದ್ದು ಅವಳದು, ದುಡಿದದ್ದು ಅವನದು! ಇಂದಿಗೂ ಎಷ್ಟೋ ಮನೆಗಳಲ್ಲಿ ಕಾತ್ಯಾಯನನ ಹೆಸರು ಕೇಳದವರೇ ಆತನ ಮತವನ್ನು ನಡೆಸಿಕೊಂಡು ಬರುತ್ತಿದ್ದಾರೆ.

ಯಾಜ್ಞವಲ್ಕ್ಯನೂ ಹೀಗೆಯೇ ಒಂದು ಪಟ್ಟಿ ಕೊಡುತ್ತಾನೆ. ತಂದೆ, ತಾಯಿ, ಗಂಡ, ಸೋದರ ಇವರು ಕೊಟ್ಟದ್ದು, ಅಗ್ನಿಯ ಮುಂದೆ ಬಂದದ್ದು, ಗಂಡನು ಇನ್ನೊಬ್ಬಳನ್ನು ತರುವಾಗ ಮೊದಲನೆಯವಳಿಗೆ ಕೊಡಬೇಕಾದ ಹಣ. ಇಷ್ಟು ಹೇಳಿ, ನಮ್ಮ ಕಡೆಯ ಪಾಠದಲ್ಲಿ ‘ಆದ್ಯಂ’ ಎಂಬ ಒಂದು ಮಾತನ್ನು ಸೇರಿಸುತ್ತಾನೆ. ‘ಮೊದಲಾದುದು’ ಎಂದು ಅದರ ಅರ್ಥ. ಬಂಗಾಳದ ಜೀಮೂತವಾಹನನು ಹಿಡಿದ ಪಾಠದಲ್ಲಿ ಈ ಮಾತು ಇಲ್ಲ. ವ್ಯಾಕರಣ ಓದಿದವರಿಗೆ ಇಂಥ ಪಾಠಾಂತರ ಹೊಸದೇನಲ್ಲ. ಆದರೆ ಈ ಒಂದು ಪಾಠಾಂತರದಿಂದ ಲಕ್ಷಾಂತರ ಹೆಂಗಸರ ಬಾಳು ಬೇರೆಯಾಗಬಹುದಾಗಿತ್ತು.

ಹೇಗೆಂದರೆ, ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಆರನೆಯ ವಿಕ್ರಮಾದಿತ್ಯನ ಕಾಲದವನು. ಆ ದೊರೆ ೧೦೭೬ರಿಂದ ೧೧೨೬ರವರೆಗೆ ಕಲ್ಯಾಣದಿಂದ, ಎಂದರೆ ಬೀದರ್ ಜಿಲ್ಲೆಯ ಈಗಿನ ಬಸವಕಲ್ಯಾಣದಿಂದ, ಆಳಿದನು. ವಿಜ್ಞಾನೇಶ್ವರನು ತನ್ನ ಗ್ರಂಥದ ಕೊನೆಯಲ್ಲಿ ಆ ನಗರವನ್ನೂ ಆ ದೊರೆಯನ್ನೂ ಕೊಂಡಾಡಿದ್ದಾನೆ. ಆತನು ‘ಆದ್ಯಂ’ ಎಂಬುದಕ್ಕೆ ಕೊಟ್ಟ ವಿವರಣೆ ಹೀಗೆ: ರಿಕ್ಥ, ಕ್ರಯ, ಸಂವಿಭಾಗ, ಪರಿಗ್ರಹ, ಅಧಿಗಮ. ಪಿತ್ರಾರ್ಜಿತವಾಗಿ ಬಂದದ್ದು, ಕೊಂಡದ್ದು, ಪಾಲಿನಲ್ಲಿ ಬಂದದ್ದು, ಸ್ವಾಧೀನಪಡಿಸಿಕೊಂಡದ್ದು, ಸಿಕ್ಕಿದ್ದು. ಗೌತಮನ ಧರ್ಮಸೂತ್ರದಲ್ಲಿ ಮನುಷ್ಯನಿಗೆ ಒಡೆತನ ಬರುವ ದಾರಿಗಳೆಂದು ಹೇಳಿರುವುದೂ ಇವೇ ಐದು. ವಿಜ್ಞಾನೇಶ್ವರನ ವಾದದ ತಿರುಳು ಇಷ್ಟೆ: ಗಂಡಸಿಗೆ ಯಾವ ದಾರಿಯಿಂದ ಒಡೆತನ ಬರುವುದೊ ಅದೇ ದಾರಿಯಿಂದ ಬಂದುದೆಲ್ಲವೂ ಹೆಂಗಸಿನ ಸ್ವತ್ತು. ಸ್ತ್ರೀಧನ ಎಂಬುದು ಪರಿಭಾಷೆಯಲ್ಲ, ‘ಸ್ತ್ರೀಯ ಧನ’ ಎಂಬ ನೇರವಾದ ಅರ್ಥವೇ ಅದಕ್ಕಿದೆ.

ಆತನಿಗೆ ಈ ಧೈರ್ಯ ಎಲ್ಲಿಂದ ಬಂದಿತು? ಆತನ ಸುತ್ತಿನ ನಾಡನ್ನು ನೋಡಿರಿ. ಒಂದು ಶತಮಾನ ಹಿಂದೆ, ೧೦೦೭ರಲ್ಲಿ, ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದ ಅತ್ತಿಮಬ್ಬೆ ಗಂಡನನ್ನು ಕಳೆದುಕೊಂಡವಳು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂದು ಪ್ರಸಿದ್ಧಿ. ಓಲೆಗರಿಯ ಕಾಲದಲ್ಲಿ ಸಾವಿರ ಪ್ರತಿಯೆಂದರೆ ಎಷ್ಟು ಜನ ಲಿಪಿಕಾರರ ಎಷ್ಟು ದಿನದ ಕೂಲಿ! ಇನ್ನೂ ಹಿಂದೆ, ರಾಷ್ಟ್ರಕೂಟರ ಇಮ್ಮಡಿ ಕೃಷ್ಣನ ಕಾಲದಲ್ಲಿ, ನಾಗರಖಂಡ ಎಪ್ಪತ್ತರ ನಾಳ್ಗಾವುಂಡನು ತೀರಿಕೊಂಡಾಗ ಆ ಅಧಿಕಾರ ಅವನ ಹೆಂಡತಿ ಜಕ್ಕಿಯಬ್ಬೆಗೆ ಬಂದಿತು. ರೋಗ ಬಂದಾಗ ಆಕೆ ತನ್ನ ಭಾರವನ್ನು ಮಗಳಿಗೆ ವಹಿಸಿ ಬಂದಣಿಕೆಯಲ್ಲಿ ಸಲ್ಲೇಖನದಿಂದ ದೇಹ ಬಿಟ್ಟಳು. ಇವರು ದೊಡ್ಡ ಮನೆತನದವರು. ಅವರನ್ನು ನೋಡಿ ನೂಲುವವಳ, ಕಳೆ ಕೀಳುವವಳ ಸ್ಥಿತಿಯೂ ಹೀಗೆಯೇ ಇತ್ತು ಎನ್ನಲಾಗದು. ಆದರೂ ಹೆಂಗಸರ ಹೆಸರಿನ ದತ್ತಿಶಾಸನಗಳ ನಡುವೆ ಬಾಳಿದ ಪಂಡಿತನಿಗೆ, ಹೆಂಗಸಿಗೆ ಸ್ವತ್ತಿಲ್ಲ ಎಂದು ಬರೆಯುವುದು ಕಷ್ಟವಾಗಿದ್ದಿರಬೇಕು. ಇದು ನನ್ನ ಊಹೆ.

ಆತನನ್ನು ಹೊಗಳಿದ್ದು ಸಾಕು. ಮಗನಿಗೆ ಹುಟ್ಟಿನಿಂದಲೇ ಪಿತ್ರಾರ್ಜಿತದಲ್ಲಿ ಹಕ್ಕು ಎಂದು ಗಟ್ಟಿಮಾಡಿದುದೂ ಇದೇ ಮಿತಾಕ್ಷರಾ; ಮಗಳಿಗೆ ಆ ಹಕ್ಕು ಸಿಕ್ಕಲಿಲ್ಲ. ಬಂಗಾಳ ಅಸ್ಸಾಮುಗಳನ್ನು ಬಿಟ್ಟು ಮಿಕ್ಕ ಭಾರತದ ಬಹುಭಾಗ ಈ ಗ್ರಂಥವನ್ನು ಪ್ರಮಾಣವೆಂದು ಒಪ್ಪಿತು.

ಬ್ರಿಟಿಷರ ನ್ಯಾಯಾಸ್ಥಾನಗಳು ಬಂದ ಮೇಲೆ ಒಂದು ವಿಚಿತ್ರ ನಡೆಯಿತು. ಗಂಡುಮಕ್ಕಳ ಜನ್ಮಸಿದ್ಧ ಹಕ್ಕಿನ ಮಟ್ಟಿಗೆ ವಿಜ್ಞಾನೇಶ್ವರನ ಮಾತು ಪ್ರಮಾಣವಾಯಿತು. ಸ್ತ್ರೀಧನದ ಮಟ್ಟಿಗೆ ಆಗಲಿಲ್ಲ. ೧೮೬೭ರಲ್ಲಿ ಲಂಡನ್ನಿನ ಪ್ರೀವಿ ಕೌನ್ಸಿಲು, ಗಂಡನಿಂದ ವಿಧವೆಗೆ ಬಂದ ಆಸ್ತಿ ಸ್ತ್ರೀಧನವಲ್ಲವೆಂದೂ, ಅವಳ ತರುವಾಯ ಅದು ಗಂಡನ ವಾರಸುದಾರರಿಗೇ ಹೋಗತಕ್ಕದ್ದೆಂದೂ ತೀರ್ಪು ಕೊಟ್ಟಿತು. ಜಮೀನಿನ ಉತ್ಪನ್ನ ಅವಳಿಗೆ ಉಂಟು, ಆದರೆ ತಕ್ಕ ಕಾರಣವಿಲ್ಲದೆ ಮಾರುವಂತಿಲ್ಲ. ಇದಕ್ಕೆ ‘ಪರಿಮಿತ ಹಕ್ಕು’ ಎಂದು ಹೆಸರು. ೧೮೭೪ರ ವಿವಾಹಿತ ಸ್ತ್ರೀಯರ ಆಸ್ತಿ ಕಾಯಿದೆ ದುಡಿಯುವ ಹೆಂಡತಿಯ ಗಳಿಕೆ ಅವಳದೇ ಎಂದು ಸಾರಿತು; ಆದರೆ ಹಿಂದೂ, ಮುಸಲ್ಮಾನ, ಬೌದ್ಧ, ಸಿಖ್, ಜೈನ ಹೆಂಗಸರಿಗೆ ಅದು ಅನ್ವಯಿಸದು ಎಂಬ ಮಾತನ್ನೂ ಸೇರಿಸಿತ್ತು. ಈ ದೇಶದಲ್ಲಿ ಇನ್ನಾರು ಉಳಿದರು, ನೀವೇ ಹೇಳಿರಿ.

ಆ ದಿನಗಳಲ್ಲಿಯೇ ನಂಜನಗೂಡಿನಲ್ಲಿ ಎಳೆಯ ವಯಸ್ಸಿಗೇ ಗಂಡನನ್ನು ಕಳೆದುಕೊಂಡ ತಿರುಮಲಾಂಬ ಅವರು ೧೯೧೩ರಲ್ಲಿ ‘ಸತೀಹಿತೈಷಿಣೀ’ ಗ್ರಂಥಮಾಲೆಯನ್ನು ತೆಗೆದು ಪುಸ್ತಕ ಬರೆದು ಪ್ರಕಟಿಸತೊಡಗಿದರು. ಮುಂದೆ ಪತ್ರಿಕೆಯನ್ನೂ ನಡೆಸಿದರು. ಕಾತ್ಯಾಯನನ ಮತದಂತೆ ನೋಡಿದರೆ, ಆ ಗಳಿಕೆಯ ಮೇಲೆ ಸ್ವಾಮ್ಯ ಹೇಳಲು ಗಂಡನೆಂಬುವನು ಇರಲಿಲ್ಲ. ವೈಧವ್ಯ ಕೊಟ್ಟ ಒಂದೇ ಸ್ವಾತಂತ್ರ್ಯ ಇದಾಗಿತ್ತೊ ಏನೊ!

ಇನ್ನು ಮೈಸೂರಿಗೆ ಬರೋಣ. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ನಿವೃತ್ತ ಮುಖ್ಯ ನ್ಯಾಯಾಧೀಶ ಕೆ. ಎಸ್. ಚಂದ್ರಶೇಖರ ಅಯ್ಯರ್ ಅವರ ಅಧ್ಯಕ್ಷತೆಯ ಸಮಿತಿ ಈ ವಿಷಯವನ್ನು ವಿಚಾರಿಸಿತು. ೧೯೩೩ರಲ್ಲಿ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯಿದೆ ಬಂದಿತು. ಅದರ ಲೆಕ್ಕವನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ತಂದೆ ತೀರಿಕೊಂಡ ಮನೆ; ಇಬ್ಬರು ಅಣ್ಣತಮ್ಮಂದಿರು, ತಾಯಿ, ಮದುವೆಯಾಗದ ಒಬ್ಬ ತಂಗಿ; ಹನ್ನೊಂದು ಎಕರೆ ಜಮೀನು. ಮೊದಲಾಗಿದ್ದರೆ ಅಣ್ಣತಮ್ಮಂದಿರಿಗೆ ತಲಾ ಐದೂವರೆ ಎಕರೆ. ತಾಯಿಗೆ ಜೀವನಾಂಶ, ತಂಗಿಗೆ ಮದುವೆಯ ಖರ್ಚು. ಹೊಸ ಕಾಯಿದೆಯಂತೆ ತಾಯಿಗೆ ಮಗನ ಪಾಲಿನ ಅರ್ಧ, ತಂಗಿಗೆ ಸೋದರನ ಪಾಲಿನ ಕಾಲು. ಅಣ್ಣತಮ್ಮಂದಿರಿಗೆ ತಲಾ ನಾಲ್ಕು, ತಾಯಿಗೆ ಎರಡು, ತಂಗಿಗೆ ಒಂದು. ಒಂದು ಎಕರೆ ಸಣ್ಣದೆಂದು ನಗಬೇಡಿರಿ. ಬ್ರಿಟಿಷ್ ಇಂಡಿಯಾದಲ್ಲಿ ೧೯೩೭ರಲ್ಲಿ ಬಂದ ಕಾಯಿದೆ ವಿಧವೆಗೆ ಮಗನಷ್ಟೇ ಪಾಲು ಕೊಟ್ಟಿತಾದರೂ ಅದೇ ಹಳೆಯ ಪರಿಮಿತ ಹಕ್ಕನ್ನು ಉಳಿಸಿತು, ಮಗಳಿಗೆ ಏನನ್ನೂ ಕೊಡಲಿಲ್ಲ. ಮೈಸೂರಿನ ಕಾಯಿದೆಯ ಕೊರತೆ ಬೇರೆ ಕಡೆ ಇತ್ತು. ಪಾಲಾಗುವ ಸಂದರ್ಭದಲ್ಲಿ ಪಾಲು ಎಂದಿತು. ಅಣ್ಣತಮ್ಮಂದಿರು ಒಟ್ಟಿಗೇ ಇದ್ದರೆ ತಂಗಿಯ ಎಕರೆ ಕಾಗದದ ಮೇಲೆಯೇ ನಿಂತಿತು.

೧೯೫೬ರ ಹಿಂದೂ ಉತ್ತರಾಧಿಕಾರ ಕಾಯಿದೆಯ ಹದಿನಾಲ್ಕನೆಯ ಪ್ರಕರಣವನ್ನು ಓದುವಾಗ ಕಲ್ಯಾಣದ ಪಂಡಿತನ ನೆನಪಾಗದೆ ಇರದು. ಉತ್ತರಾಧಿಕಾರದಿಂದ, ಪಾಲಿನಿಂದ, ಜೀವನಾಂಶಕ್ಕಾಗಿ, ದಾನದಿಂದ, ಕ್ರಯದಿಂದ, ಬಹುಕಾಲದ ಸ್ವಾಧೀನದಿಂದ, ಇನ್ನಾವ ರೀತಿಯಿಂದ ಬಂದುದಾದರೂ ಹೆಂಗಸು ಅದಕ್ಕೆ ಪೂರ್ಣ ಒಡತಿ ಎಂದು ಅಲ್ಲಿ ಬರೆದಿದೆ. ಹಳೆಯ ಐದರಲ್ಲಿ ನಾಲ್ಕು ಅಲ್ಲಿ ಹೆಸರಿನಿಂದಲೇ ಇವೆ. ‘ಇನ್ನಾವ ರೀತಿಯಿಂದ’ ಎಂಬುದು ‘ಆದ್ಯಂ’ ಅಲ್ಲದೆ ಮತ್ತೇನು? ಅದರ ಜೊತೆಗೆ, ಸ್ವಂತ ನೈಪುಣ್ಯದಿಂದ ಅಥವಾ ದುಡಿಮೆಯಿಂದ ಬಂದುದು ಎಂಬ ಮಾತನ್ನೂ ಸೇರಿಸಿದ್ದಾರೆ. ಕಾತ್ಯಾಯನನಿಗೆ ಉತ್ತರ ಸಿಕ್ಕಿತು. ಮಗಳಿಗೆ ಮಗನಂತೆ ಹುಟ್ಟಿನಿಂದ ಹಕ್ಕು ಬರುವುದು ಇನ್ನೂ ತಡವಾಯಿತು. ಆಂಧ್ರಪ್ರದೇಶ ೧೯೮೬ರಲ್ಲಿ ಅದನ್ನು ಕೊಟ್ಟಿತು. ಕರ್ನಾಟಕ ೧೯೯೪ರಲ್ಲಿ ಕೊಟ್ಟಿತು, ಆದರೆ ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತು. ೨೦೦೫ರ ಕೇಂದ್ರದ ತಿದ್ದುಪಡಿ ಆ ಭೇದವನ್ನು ತೆಗೆಯಿತು. ೨೦೦೫ರಲ್ಲಿ ತಂದೆ ಬದುಕಿರಬೇಕಾಗಿತ್ತೆ ಎಂಬ ಸಂಶಯವನ್ನು ಸರ್ವೋಚ್ಚ ನ್ಯಾಯಾಲಯ ೨೦೨೦ರಲ್ಲಿ ಬಗೆಹರಿಸಿ, ಬೇಕಿಲ್ಲ ಎಂದಿತು.

ಕಾಯಿದೆ ಇಷ್ಟು ದೂರ ಬಂದಿದೆ. ಮನೆ ಎಷ್ಟು ದೂರ ಬಂದಿದೆ ಎಂಬುದು ಕಾಗದಪತ್ರದಲ್ಲಿ ಗೊತ್ತಾಗುತ್ತದೆ. ಹೆಣ್ಣುಮಕ್ಕಳ ಏಳಿಗೆ ಬಯಸುವ ತಂದೆ, ಗಂಡ, ಅಣ್ಣ ಮಾಡಬಹುದಾದದ್ದು ಭಾಷಣವಲ್ಲ, ಇಂಥ ಸಣ್ಣ ಬರವಣಿಗೆ. ಮದುವೆಯಲ್ಲಿ ಬಂದ ಉಡುಗೊರೆಗಳ ಪಟ್ಟಿಯನ್ನು, ಕೊಟ್ಟವರ ಹೆಸರು, ಸಂಬಂಧ, ಅಂದಾಜು ಬೆಲೆ ಸಹಿತ ಬರೆದು ವಧೂವರರಿಬ್ಬರೂ ರುಜು ಹಾಕಿ ಇಟ್ಟುಕೊಳ್ಳಬೇಕೆಂದು ೧೯೮೫ರ ನಿಯಮವೇ ಇದೆ. ಛತ್ರದ ಬಾಡಿಗೆ, ಅಡಿಗೆಯವರ ಲೆಕ್ಕವನ್ನೆಲ್ಲ ಜೋಪಾನವಾಗಿ ಬರೆದಿಡುವವರು ಈ ಪಟ್ಟಿಯನ್ನು ಬರೆಯುವುದನ್ನು ನಾನು ಕಂಡಿಲ್ಲ. ಒಡವೆಯನ್ನು ಅಡವಿಡಬೇಕಾಗಿ ಬಂದರೂ ಅದು ಸಾಲವೆಂದು ತಿಳಿಯಬೇಕು. ಬರಗಾಲ, ಧರ್ಮಕಾರ್ಯ, ರೋಗ, ಸೆರೆ ಇವುಗಳಿಗಾಗಿ ತೆಗೆದುಕೊಂಡದ್ದನ್ನಲ್ಲದೆ ಬೇರೆ ಸ್ತ್ರೀಧನವನ್ನು ಗಂಡ ಹಿಂದಿರುಗಿಸಲೇಬೇಕು ಎಂಬುದು ಯಾಜ್ಞವಲ್ಕ್ಯನ ಮತವೇ. ನಂಬಿಕೆಯಿಂದ ಇಟ್ಟ ಸ್ತ್ರೀಧನವನ್ನು ನುಂಗಿದರೆ ಅದು ವಿಶ್ವಾಸದ್ರೋಹದ ಅಪರಾಧವೆಂದು ಸರ್ವೋಚ್ಚ ನ್ಯಾಯಾಲಯ ೧೯೮೫ರಲ್ಲಿ ಹೇಳಿದೆ.

ವಿಮೆ ಮಾಡಿಸುವವರು ೧೮೭೪ರ ಆ ಹಳೆಯ ಕಾಯಿದೆಯ ಆರನೆಯ ಪ್ರಕರಣವನ್ನು ಕೇಳಿ ತಿಳಿದುಕೊಳ್ಳಬೇಕು. ೧೯೨೩ರಲ್ಲಿ ಅದೊಂದು ಹಿಂದೂಗಳಿಗೂ ಅನ್ವಯವಾಯಿತು. ಹೆಂಡತಿಯ, ಮಕ್ಕಳ ಹಿತಕ್ಕಾಗಿ ಎಂದು ಪಾಲಿಸಿಯಲ್ಲಿಯೇ ಬರೆಸಿದರೆ ಆ ಹಣ ಅವರ ಪಾಲಿನ ನ್ಯಾಸವಾಗುತ್ತದೆ. ವಂಚಿಸಬೇಕೆಂದೇ ಮಾಡಿದ್ದಲ್ಲದಿದ್ದರೆ ಗಂಡನ ಸಾಲಗಾರರು ಅದರ ಮೇಲೆ ಕೈಯಿಡಲಾರರು. ದುಡಿಯುವ ಹೆಂಗಸಿನ ಸಂಬಳ ಅವಳ ಹೆಸರಿನ ಖಾತೆಗೇ ಬರಲಿ, ಆ ಖಾತೆಯ ಪುಸ್ತಕವೂ ಅವಳ ಕೈಯಲ್ಲೇ ಇರಲಿ. ಅವಳ ಹಣ ಸೇರಿದ ಮನೆ ನಿವೇಶನಗಳ ಕ್ರಯಪತ್ರದಲ್ಲಿ ಅವಳ ಹೆಸರೂ ಸೇರಲಿ.

ಕೊನೆಯದಾಗಿ ಹಕ್ಕು ಬಿಡುಗಡೆ ಪತ್ರದ ಮಾತು. ತಂದೆ ಹೋದ ಮೇಲೆ ಪೌತಿ ಖಾತೆಯ ಕೆಲಸವೆಂದು ಅಕ್ಕತಂಗಿಯರನ್ನು ಕರೆಸಿ, ಅರಿಶಿನ ಕುಂಕುಮ, ಸೀರೆ ಕೊಟ್ಟು ರುಜು ಹಾಕಿಸುವುದು ನಮ್ಮ ಊರುಗಳಲ್ಲಿ ಮಾಮೂಲು. ತವರು ತಪ್ಪಿಹೋದೀತೆಂಬ ಹೆದರಿಕೆಗೆ ಅವರು ಹಾಕಿಬಿಡುತ್ತಾರೆ. ತಿಳಿದೂ ಪ್ರೀತಿಯಿಂದ ಬಿಡುವವರು ಬಿಡಲಿ, ಅದು ಅವರ ಇಷ್ಟ. ಆದರೆ ರುಜುವಿಗೆ ಮೊದಲು ಯಾವ ಸರ್ವೆ ನಂಬರು, ಎಷ್ಟು ಎಕರೆ, ತಮ್ಮ ಪಾಲು ಎಷ್ಟು ಎಂಬುದನ್ನು ಅವರಿಗೆ ಗಟ್ಟಿಯಾಗಿ ಓದಿ ಹೇಳಬೇಕು. ಒಂದು ವಾರ ಕಾಗದವನ್ನು ಅವರ ಕೈಯಲ್ಲೇ ಬಿಟ್ಟು ಬೇಕಾದವರಿಗೆ ತೋರಿಸಲು ಅವಕಾಶ ಕೊಡಬೇಕು. ಸಬ್ ರಿಜಿಸ್ಟ್ರಾರರ ಕಚೇರಿಯಲ್ಲಿ ನೋಂದಣಿಯಾದ ಮೇಲೆ ಅದನ್ನು ರದ್ದು ಮಾಡಿಸಲು ಸಿವಿಲ್ ದಾವೆಯನ್ನೇ ಹೂಡಬೇಕಾಗುತ್ತದೆ.