ಸಿವಂಗಿ: ಬಯಲುಸೀಮೆ ಮರೆತ ಮೃಗ

ಪತ್ರಿಕೆಗಳು ಇಂದು 'ಚೀತಾ' ಎಂದು ಬರೆಯುವ ಪ್ರಾಣಿಗೆ ಕನ್ನಡದಲ್ಲಿ ಸಿವಂಗಿ ಎಂಬ ಹೆಸರಿತ್ತು. ಹತ್ತೊಂಬತ್ತನೆಯ ಶತಮಾನದ ಪ್ರಾಣಿಶಾಸ್ತ್ರಜ್ಞ ಜೆರ್ಡನ್ ಭಾರತದ ಸಸ್ತನಿಗಳನ್ನು ಕುರಿತ ತನ್ನ ಗ್ರಂಥದಲ್ಲಿ ಈ ಹೆಸರನ್ನು ದಾಖಲಿಸಿದ್ದಾನೆ. ಇದನ್ನು ಚಿರತೆಯೊಡನೆ ಬೆರೆಸುವುದು ಸಲ್ಲದು. ಚಿರತೆಗೆ ಮರ, ಪೊದೆ, ಕತ್ತಲು ಬೇಕು. ಸಿವಂಗಿಗೆ ತೆರೆದ ಬಯಲು, ಹಗಲಿನ ಬೆಳಕು. ಅದರ ಕಣ್ಣಿನಿಂದ ಬಾಯಿಯವರೆಗೆ ಕಣ್ಣೀರಿನಂತೆ ಕಪ್ಪು ಗೆರೆ ಇಳಿದಿರುತ್ತದೆ. ಉಗುರು ಪೂರ್ತಿಯಾಗಿ ಒಳಸರಿಯದು. ಅದು ಗರ್ಜಿಸುವುದಿಲ್ಲ, ಬೆಕ್ಕಿನಂತೆ ಗುರುಗುಟ್ಟುತ್ತದೆ. ಜೆರ್ಡನ್ ಒಂದು ಮರಿಯನ್ನು ಬೇಟೆನಾಯಿಯ ಮರಿಗಳ ಜೊತೆಗೆ ಸಾಕಿದ್ದನು. ಅದು ಹೆಸರು ಹಿಡಿದು ಕರೆದರೆ ಗುರುತಿಸುತ್ತಿತ್ತು, ಅವನ ಕುದುರೆಯ ಹಿಂದೆ ನಾಯಿಯಂತೆ ಬರುತ್ತಿತ್ತು.

ಈ ಸಾಧುಸ್ವಭಾವವೇ ಅದಕ್ಕೆ ಮುಳುವಾಯಿತು.

ಕಾಳಗಿ, ಸೇಡಂ, ಚಿತ್ತಾಪುರಗಳ ಕರಿನೆಲದ ಬಯಲು ಇಂಥ ಓಟಗಾರ ಮೃಗಕ್ಕೆ ಹೇಳಿ ಮಾಡಿಸಿದ ಭೂಮಿ. ಕಾಳಗಿಯಲ್ಲಿ ಗುಡಿಗಳನ್ನು ಕಟ್ಟಿಸಿದ್ದು ಕಲ್ಯಾಣ ಚಾಲುಕ್ಯರ ಕಾಲ. ಆ ವಂಶದ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ 'ಮಾನಸೋಲ್ಲಾಸ'ವು ಪಳಗಿಸಿದ ಸಿವಂಗಿಯಿಂದ ಜಿಂಕೆಗಳನ್ನು ಬೇಟೆಯಾಡಿಸುವುದನ್ನು ಅರಸನ ವಿನೋದಗಳಲ್ಲಿ ಒಂದೆಂದು ಹೇಳುತ್ತದೆ. ಮುಂದಿನ ಕಾಲದಲ್ಲಿಯೂ ಪದ್ಧತಿ ಹೆಚ್ಚು ಬದಲಾಗಲಿಲ್ಲ. ಕಣ್ಣಿಗೆ ಬಟ್ಟೆ ಕಟ್ಟಿದ ಮೃಗವನ್ನು ಎತ್ತಿನ ಬಂಡಿಯಲ್ಲಿ ಕೂರಿಸಿ ಕೃಷ್ಣಮೃಗಗಳ ಹಿಂಡಿನ ಸಮೀಪಕ್ಕೆ ಒಯ್ಯುತ್ತಿದ್ದರು. ರೈತರ ಬಂಡಿಗಳನ್ನು ದಿನವೂ ಕಾಣುವ ಹಿಂಡು ಬೆದರುತ್ತಿರಲಿಲ್ಲ. ಬಟ್ಟೆ ಬಿಚ್ಚಿದೊಡನೆ ಕೆಲವೇ ನೂರು ಗಜಗಳ ಓಟ. ಅಷ್ಟರಲ್ಲಿ ಬೇಟೆ ಸಿಗದಿದ್ದರೆ ಸಿವಂಗಿ ಸೋತು ನಿಲ್ಲುತ್ತಿತ್ತು.

ಆದರೆ ಅರಮನೆಯಲ್ಲಿ ಅದು ಮರಿ ಹಾಕದು. ಅಕ್ಬರನು ಸಾವಿರ ಸಿವಂಗಿಗಳನ್ನು ಕೂಡಿಸಿದರೂ ಅವು ಈಯಲಿಲ್ಲವೆಂದು ಅವನ ಮಗ ಜಹಾಂಗೀರನು ಬರೆದಿದ್ದಾನೆ. ತನ್ನ ಕಾಲದಲ್ಲಿ ಒಮ್ಮೆ ಮರಿಗಳಾದುದನ್ನು ಅವನು ಅದ್ಭುತವೆಂದೇ ದಾಖಲಿಸಿದನು. ಎಳೆಯ ಮರಿಯನ್ನು ಹಿಡಿದೂ ಪ್ರಯೋಜನವಿರಲಿಲ್ಲ, ಬೇಟೆಯ ವಿದ್ಯೆ ಅದಕ್ಕೆ ತಾಯಿಯಿಂದಲೇ ಬರಬೇಕು. ಹೀಗಾಗಿ ಅರಮನೆಯ ಪ್ರತಿಯೊಂದು ಸಿವಂಗಿಯೂ ಕಾಡಿನಿಂದ ಕಿತ್ತು ತಂದ ಪ್ರಾಯದ ಪ್ರಾಣಿ. ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಬಳಿಯೂ ಬೇಟೆಯ ಸಿವಂಗಿಗಳಿದ್ದವು. 1799ರ ನಂತರ ಅವು ಇಂಗ್ಲಿಷರ ವಶವಾದವು. ಇತ್ತ ಹುಲ್ಲುಗಾವಲು ಉಳುಮೆಗೆ ಸಿಕ್ಕಿ ಕರಗಿತು. ಇಪ್ಪತ್ತನೆಯ ಶತಮಾನದ ಆರಂಭಕ್ಕೆ ಕೊಲ್ಹಾಪುರದಂಥ ಸಂಸ್ಥಾನಗಳು ಬೇಟೆಗಾಗಿ ಆಫ್ರಿಕಾದಿಂದ ಈ ಪ್ರಾಣಿಯನ್ನು ತರಿಸಿಕೊಳ್ಳಬೇಕಾಯಿತು. ದುಡ್ಡು ಕೊಟ್ಟು ತರಿಸುವ ಸ್ಥಿತಿ ಬಂದಾಗಲೂ ಇಲ್ಲಿಯವು ಏನಾದವೆಂದು ಅರಸರು ಕೇಳಿಕೊಂಡಂತಿಲ್ಲ. 1947ರಲ್ಲಿ ಕೊರಿಯಾ ಸಂಸ್ಥಾನದ ರಾಜನು ಒಂದೇ ರಾತ್ರಿ ಮೂರು ಗಂಡುಗಳನ್ನು ಗುಂಡಿಟ್ಟು ಕೊಂದನು. 1952ರಲ್ಲಿ ಭಾರತದಲ್ಲಿ ಸಿವಂಗಿ ಅಳಿಯಿತೆಂದು ಘೋಷಿಸಲಾಯಿತು.

ಸೆಪ್ಟೆಂಬರ್ 2022ರಲ್ಲಿ ಮಧ್ಯಪ್ರದೇಶದ ಕುನೋಗೆ ನಮೀಬಿಯಾದಿಂದ ಬಂದ ಎಂಟು ಪ್ರಾಣಿಗಳು ಆಫ್ರಿಕಾದ ಉಪಜಾತಿಯವು. ಸೋಮೇಶ್ವರನು ಕಂಡಿದ್ದ ಏಷ್ಯಾದ ಸಿವಂಗಿ ಈಗ ಬದುಕಿರುವುದು ಇರಾನಿನಲ್ಲಿ ಮಾತ್ರ, ಅದೂ ಬೆರಳೆಣಿಕೆಯಷ್ಟು.