ತಾಲೀಮು ನಿಂತರೆ ಮಾತೂ ಮಾಯ: ಕುಸ್ತಿ ಪದಗಳ ಕಿರು ಪರಿಚಯ

ಸಿಂಧನೂರು/ಲಿಂಗಸುಗೂರು/ಮಸ್ಕಿ: ಗರಡಿಮನಿಗೆ ನಮ್ಮ ಕಡೆ 'ತಾಲೀಮು' ಅಂತಲೂ ಅಂತಾರೆ. ಇದು ಅರಬ್ಬಿ ಮೂಲದ ಪದ, ಅರ್ಥ 'ಕಲಿಸುವುದು'. ಕುಸ್ತಿ, ಪೈಲ್ವಾನ್, ಉಸ್ತಾದ್ ಪಾರ್ಸಿಯಿಂದ ಬಂದವು. ಪಟ್ಟು, ತೊಡೆ ತಟ್ಟು ಕನ್ನಡದವು.

ಕಲ್ಯಾಣ ಚಾಲುಕ್ಯ ದೊರೆ 3ನೇ ಸೋಮೇಶ್ವರ 12ನೇ ಶತಮಾನದಲ್ಲೇ ಸಂಸ್ಕೃತದ 'ಮಾನಸೋಲ್ಲಾಸ'ದಲ್ಲಿ ಮಲ್ಲರ ಊಟ, ವ್ಯಾಯಾಮ, ಪಂದ್ಯಗಳನ್ನು ವಿವರಿಸಿದ್ದಾನೆ.

ಚುನಾವಣೆ ಬಂದಾಗ 'ಅಖಾಡಕ್ಕೆ ಇಳಿದರು', 'ಮಣ್ಣು ಮುಕ್ಕಿಸಿದರು' ಅನ್ನೋದು ಗರಡಿ ಮಣ್ಣಿನ ಮಾತೇ. ಆದರೆ ಪಟ್ಟುಗಳ ಹೆಸರು ಬಾಯಿಂದ ಬಾಯಿಗೆ ಬಂದಂಥವು. ಹೇಳಿಕೊಡೋ ಉಸ್ತಾದರು ಹೋದರೆ ಹೆಸರೂ ಹೋಗ್ತಾವೆ.

ಶಾಲೆ ಮಕ್ಕಳು ಹಳೇ ಪೈಲ್ವಾನರ ಹತ್ತಿರ ಕೂತು ಪಟ್ಟಿನ ಹೆಸರು, ಅರ್ಥ ಬರೆದುಕೊಂಡು, ಹಿಡಿಯೋ ರೀತಿ ಮೊಬೈಲ್‌ನಲ್ಲಿ ವಿಡಿಯೋ ಮಾಡಿಟ್ಟರೆ ಕಲೆ, ಭಾಷೆ ಎರಡಕ್ಕೂ ದಾಖಲೆ ಆಗ್ತದೆ.